ಮುಚ್ಚಿದ ಕಿಟಕಿ

“ಆಯಿ, ಕಡ್ಡಿ ಗೀರಬ್ಯಾಡ.”

ಅಹಲ್ಯಾ ಸ್ಕೂಲ್ ಬ್ಯಾಗನ್ನು ಬಾಗಿಲಲ್ಲೇ ಬಿಟ್ಟು ಓಡಿಬಂದು ಅಜ್ಜಿಯ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡಳು. ದೇವರ ಫೋಟೋ ಮುಂದೆ ಕೂತಿದ್ದ ಶಂಕ್ರಮ್ಮಜ್ಜಿ ಬೆಚ್ಚಿದಳು.

“ಯಾಕ ಯವ್ವಾ? ದೀಪ ಹಚ್ಚೂ ಹೊತ್ತಾತು.”

“ಬ್ಯಾಟರಿ ವಾಸನಿ ಬರಾಕತ್ತೈತಿ. ಮೊದಲ ಹೊರಗ ನಡಿ.”

ಕೋಣೆಯ ತುಂಬ ಕೊಳೆತ ಮೊಟ್ಟೆಯಂಥ ನಾತ. ನೆಗಡಿಯಾಗಿದ್ದ ಅಜ್ಜಿಗೆ ಅದು ತಿಳಿದಿರಲಿಲ್ಲ.

ಮಂಚದ ಕೆಳಗೆ ಹಳೆಯ ಕಾರ್ ಬ್ಯಾಟರಿ ಚಾರ್ಜ್ ಆಗುತ್ತಿತ್ತು. ಹೈದರಾಬಾದಿನ ಸೆಕೆಯಲ್ಲಿ ಕರೆಂಟ್ ಹೋದಾಗ ಅಜ್ಜಿಗೆ ಸಣ್ಣ ಫ್ಯಾನ್ ತಿರುಗಲಿ ಎಂದು ಅಪ್ಪ ಹುಲಗೇಶ ಅದನ್ನು ತಂದಿದ್ದ. “ಚಾರ್ಜ್ ಆಗೂವಾಗ ಇದು ಗ್ಯಾಸ್ ಬಿಡತೈತಿ. ಕಿಟಕಿ ತೆಗದಿರಬೇಕು. ಕಿಡಿ ತಾಗಿದ್ರ ಸಿಡಿತೈತಿ,” ಎಂದೂ ಹೇಳಿದ್ದ.

ಆದರೆ ಕಿಟಕಿ ಮುಚ್ಚಿತ್ತು. ಪಕ್ಕದಲ್ಲಿ ಯಾವುದೋ ಸಾಫ್ಟ್‌ವೇರ್ ಕಂಪನಿಯ ಕಟ್ಟಡ ಏಳುತ್ತಿತ್ತು. ಸಿಮೆಂಟಿನ ಧೂಳಿಗೆ ಅಜ್ಜಿ ಕೆಮ್ಮುತ್ತಾಳೆಂದು ಬೆಳಿಗ್ಗೆ ಅದನ್ನು ಮುಚ್ಚಿದವಳು ಅಹಲ್ಯಾಳೇ.

ಈಗ ಅವಳು ಕಿಟಕಿ ತೆರೆದಳು. ಅಜ್ಜಿಯ ಕೈ ಹಿಡಿದು ಹೊರಗೆ ತಂದು ಕಟ್ಟೆಯ ಮೇಲೆ ಕೂರಿಸಿದಳು. ಹೊರಗೋಡೆಯಲ್ಲಿದ್ದ ಮೇನ್ ಸ್ವಿಚ್ ಇಳಿಸಿದಳು.

ಅಜ್ಜಿ ಮುಖ ತಿರುಗಿಸಿಕೊಂಡು ಕೂತಳು. ಹುಲಗೇಶ ಕೆಲಸದಿಂದ ಬಂದಾಗಲೂ ಸಿಟ್ಟು ಇಳಿದಿರಲಿಲ್ಲ.

“ನೋಡಪಾ, ನಿನ್ನ ಮಗಳು ದೇವ್ರಿಗೆ ದೀಪಾ ಹಚ್ಚಗೊಡವಲ್ಲಳು.”

ಅಹಲ್ಯಾ ಅಪ್ಪನತ್ತ ತಿರುಗಿದಳು. “ಅಪ್ಪಾ, ಕಿಟಕಿ ನಾನ ಹಾಕಿದ್ದೆ. ಧೂಳು ಬರ್ತೈತಂತ. ಬ್ಯಾಟರಿ ನೆನಪ ಇರ್ಲಿಲ್ಲ.”

ಹುಲಗೇಶ ಒಳಗೆ ಹೋದ. ಬ್ಯಾಟರಿಯನ್ನು ಮುಟ್ಟಿದವನು ಥಟ್ಟನೆ ಕೈ ಹಿಂದೆಗೆದ. ಅದಿನ್ನೂ ಬಿಸಿಯಾಗಿತ್ತು. ಹೊರಗೆ ಬಂದು ಮಗಳ ಪಕ್ಕ ಕೂತ.

ಅಹಲ್ಯಾ ಬೈಗುಳಕ್ಕೆ ತಲೆತಗ್ಗಿಸಿ ಕಾದಳು.

“ಮಲಗೂ ಮಂಚದ ಕೆಳಗ ಅದನ್ನ ನಾನ ಇಡಬಾರದಿತ್ತು,” ಎಂದ ಅಪ್ಪ. “ಇದು ಹಾಳಾಗೈತಿ, ಅಂಗಡಿಗೆ ವಾಪಸ್ ಕೊಡ್ತೀನಿ. ಬ್ಯಾರೆ ತಂದ್ರ ಇಲ್ಲೇ ಹೊರಗ, ನೆರಳಾಗ ಚಾರ್ಜ್ ಹಾಕೂಣು.”

ಅಜ್ಜಿ ನಿಧಾನವಾಗಿ ಇತ್ತ ತಿರುಗಿದಳು. “ಕಡ್ಡಿ ಗೀರಿದ್ರ ಏನಾಗತಿತ್ತೋ?”

ಹುಲಗೇಶ ಮಗಳ ಹೆಗಲ ಮೇಲೆ ಕೈ ಇಟ್ಟ.

ಆ ಕೈ ನಡುಗುತ್ತಿತ್ತು. ದಿನವಿಡೀ ಎತ್ತರದ ಕಟ್ಟಡಗಳಲ್ಲಿ ಹಲಗೆಯ ಮೇಲೆ ನಿಂತು ಗೋಡೆಗೆ ಸಿಮೆಂಟ್ ಗಿಲಾವು ಮಾಡುವ ಕೈ ಅದು. ಅಪ್ಪನಿಗೂ ಹೆದರಿಕೆಯಾಗುತ್ತದೆಂದು ಅಹಲ್ಯಾ ಅಂದುಕೊಂಡಿರಲಿಲ್ಲ.

ಅವಳು ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.