ತಪ್ಪೆಲ್ಲ ಅವಳ ಕಡೆಗೇ!

"ಈ ಕಥೆ ಬರ್ದೋನ ತಲೇಲಿ ಮೆದುಳಿಲ್ಲ, ಬರೀ ಹೊಗೆಸೊಪ್ಪಿನ ಕಡ್ಡಿ ಐತೆ!"

ಮಂಗಳಗೌರಿಯ ಮಾತಿಗೆ ಪಿರಿಯಾಪಟ್ಟಣದ ಸಮುದಾಯ ಭವನವೇ ಗೊಳ್ಳೆಂದು ನಕ್ಕಿತು. ಊರ ಹುಡುಗರೇ ಸೇರಿ ತೆಗೆದ ಥ್ರಿಲ್ಲರ್ ಸಿನಿಮಾ ಆಗಷ್ಟೇ ಮುಗಿದಿತ್ತು.

"ಹೊಗೆಸೊಪ್ಪು ಹದ ಮಾಡೋ, ಉರಿಯೋ ಬ್ಯಾರನ್ ಗೂಡಿನ ಒಳಗೆ ಹೀರೋಯಿನ್ ರಾತ್ರಿಯೆಲ್ಲಾ ಬಚ್ಚಿಟ್ಕೊಂಡಿದ್ಲಂತೆ! ಸೊಪ್ಪು ಒಣಗಿ ಗರಿಗರಿ ಆಗೋ ಬಿಸೀಲಿ ಅವ್ಳ ಲಿಪ್‌ಸ್ಟಿಕ್ಕೂ ಕರಗಿಲ್ಲ!"

ನಗುತ್ತಲೇ ತಿರುಗಿದಳು. ನಗು ಅಲ್ಲೇ ನಿಂತಿತು!

ಹಿಂದೆಯೇ ರಘು ನಿಂತಿದ್ದ, ಕೈಯಲ್ಲಿ ಸಿನಿಮಾ ಕಥೆಯ ಹಾಳೆಗಳು.

'ಅಯ್ಯೋ... ಬರೆದವನು ಇವನಾ?!'

ನಿರ್ದೇಶಕ ದೇವರಾಜು ಎಲ್ಲರೆದುರೇ ಅವನ ಮೇಲೆ ಸಿಡಿದ. "ಕೇಳುಸ್ಕಂಡೇನ್ಲಾ? ನಂಬೋ ಹಂಗೆ ಬರಿ ಅಂದಿದ್ದೆ. ಮೈಸೂರಲ್ಲಿ ತೋರ್ಸೋ ಮುಂಚೆ ಆ ಹುಡ್ಗೀನ ಬ್ಯಾರನ್ನಲ್ಲೇ ಸಾಯ್ಸು. ಆಗಲ್ವಾ? ನಿನ್ ಹೆಸ್ರು ತೆಗೀತೀನಿ, ಬೇರೆಯೋರು ಬರೀತಾರೆ!"

ರಘು ಹಲ್ಲು ಕಚ್ಚಿ ಹೊರನಡೆದ.

ಗೌರಿಗೆ ಕುತೂಹಲ ತಡೆಯಲಾಗಲಿಲ್ಲ. ತಮ್ಮ ಮನೆಯ ಬ್ಯಾರನ್‌ಗೆ ವರ್ಷಗಟ್ಟಲೆ ಸೌದೆ ಒಟ್ಟಿದವನೇ ಇವನು. ಅದರ ಬಿಸಿ ಇವನಿಗೆ ಗೊತ್ತಿಲ್ಲವೇ? ಹಾಗಾದರೆ...?

ಸಿನಿಮಾವನ್ನು ಮತ್ತೆ ಮನಸ್ಸಿನಲ್ಲೇ ಓಡಿಸಿದಳು. ಈಜು ಬಾರದ ಹುಡುಗಿಯನ್ನು ಕಬಿನಿ ಹಿನ್ನೀರು ಮುಳುಗಿಸಲಿಲ್ಲ. ಅಟ್ಟಿಸಿಕೊಂಡು ಬಂದ ಒಂಟಿ ಸಲಗ ಸುಮ್ಮನೆ ತಿರುಗಿ ಹೋಯಿತು. ನಡುರಾತ್ರಿ ಹ್ಯಾಂಡ್‌ಪೋಸ್ಟ್ ಸ್ಟಾಪಿಗೆ ಆ ಹೊತ್ತಿನಲ್ಲಿ ಇಲ್ಲದ ಬಸ್ಸೂ ಬಂತು!

ತಪ್ಪುಗಳೆಲ್ಲ ಒಂದೇ ಕಡೆ ವಾಲಿದ್ದವು... ಆ ಹುಡುಗಿಯ ಕಡೆಗೆ!

ಓಡಿ ಹೋಗಿ ಅವನಿಗೆ ಅಡ್ಡ ನಿಂತಳು.

"ಗೊತ್ತಿದ್ದೂ ಯಾಕೋ ತಪ್ಪು ಬರ್ದೆ?"

"ದಾರಿ ಬುಡು ಗೌರಿ. ನಕ್ಕಿದ್ದು ಸಾಲ್ದಾ?"

"ತಪ್ಪಾಯ್ತು ಕಣೋ. ಹೇಳು..."

ಅವನ ಕಣ್ಣು ಕೆಂಡವಾಗಿತ್ತು. ಆದರೂ ಅವಳ ಮುಖ ನೋಡದೆ ಹೇಳಿದ.

"ಎಲ್ಲಾ ಸರ್ಯಾಗ್ ಬರುದ್ರೆ ಅವ್ಳು ಸಾಯ್ತಾಳೆ. ಬರಿಯಕ್ಕೆ ಕೂತ್ರೆ ನಿನ್ ಮುಖಾನೇ ಕಣ್ ಮುಂದೆ ಬತ್ತಿತ್ತು. ನಿನ್ನ ಎಂಗೆ ಸಾಯ್ಸ್ಲಿ? ಕೈಯೇ ಓಡ್ನಿಲ್ಲ!"

ಗೌರಿಯ ಕಣ್ಣು ತುಂಬಿತು. 'ಇಡೀ ಊರು ನಕ್ಕರೂ ಸರಿ, ನಾನು ಬದುಕಲಿ ಅಂದುಕೊಂಡನಾ ಇವನು?'

"ಇಷ್ಟು ದಿನ ಬಾಯಿ ಬಿಡೋಕೇನಾಗಿತ್ತು ನಿಂಗೆ?"

"ಧಣಿ ಮಗ್ಳಿಗೆ ಏನಂತ ಹೇಳ್ಲಿ?"

"ಧಣಿ ಮಗಳಿಗೆ ಬೇಡ... ನಂಗೆ ಹೇಳು." ಅವನ ಬೆರಳು ಹಿಡಿದಳು. "ಅವಳು ಬದುಕ್ಲಿ ಕಣೋ. ನಿನ್ ಜೊತೇಲೇ ಬದುಕ್ಲಿ."

ಬಾಗಿಲಿನಿಂದ ದೇವರಾಜು ಕೂಗಿದ. "ಲೋ ರಘು! ಸಾಯ್ಸ್ತೀಯೋ, ಇಲ್ಲಾ ನಿನ್ ಹೆಸ್ರು ತೆಗೀಲೋ?"

ರಘು ತಿರುಗಿಯೂ ನೋಡಲಿಲ್ಲ. ಹೆಸರು ಹೋದರೆ ಹೋಗಲಿ ಎಂಬಂತೆ, ಗೌರಿಯ ಬೆರಳು ಬಿಡದೆ, ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.