ಐಸ್ ಅಗಿಯುತ್ತಿದ್ದವಳು

ಇದರಲ್ಲಿ ಒಂದೇ ಒಂದು ಸುಳ್ಳಿದ್ದರೂ ನನ್ನ ಐಸ್ ಮಿಷನ್ ಇವತ್ತೇ ಕೆಟ್ಟು ಕೂರಲಿ. ಕೂತುಕೊಳ್ಳಿ ಮೇಡಂ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದೀರಿ. ನಿಮ್ಮ ಐಸ್ ಒಡೆಯುವಷ್ಟರಲ್ಲಿ ಕಥೆ ಮುಗಿದಿರುತ್ತದೆ.

ಒಬ್ಬಳಿದ್ದಳು, ಯೂನಿಫಾರ್ಮ್ ಹೊಲಿಯುವ ಟೈಲರ್. ದಿನಾ ಸಂಜೆ ಈ ಮೆಟ್ಟಿಲು ಹತ್ತಿ ಬಂದು, ಬಾಗಿಲ ಪಕ್ಕದ ಕಂಬ ಹಿಡಿದು, ಎದೆಯ ಮೇಲೆ ಕೈಯಿಟ್ಟು ನನ್ನನ್ನೇ ನೋಡುವಳು. ರೆಪ್ಪೆ ಅರ್ಧ ಮುಚ್ಚಿರುತ್ತಿತ್ತು. ಆ ನೋಟಕ್ಕೆ ಅಂಗಡಿಯ ಐಸೆಲ್ಲ ಕರಗಿ, ಕೆಳಗಿನ ಸೈಕಲ್ ಶಾಪಿನವನು ದೋಣಿ ಕೇಳಿಕೊಂಡು ಬಂದಿದ್ದ.

"ಇಷ್ಟು ಐಸ್ ಏನ್ಮಾಡ್ತೀರಿ?"

"ತಿಂತೀನಿ." ಕಟಕಟ ಅಗಿದಳು.

"ಹಲ್ಲು ಹೋಗುತ್ತೆ ಕಣ್ರೀ."

"ಹೋದ್ರೆ ನೀವೇ ಕಟ್ಟಿಸ್ಕೊಡಿ, ಐಸಣ್ಣ."

ಬೀದಿಯೆಲ್ಲ ನನ್ನನ್ನು ಹಾಗೇ ಕರೆಯುತ್ತದೆ. ಅವಳ ಬಾಯಲ್ಲಿ ಮಾತ್ರ ಆ 'ಅಣ್ಣ' ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು. ಬರಬರುತ್ತಾ ಅದನ್ನು ಬಿಟ್ಟಳು. ಒಂದು ಸಂಜೆ ಕಂಬಕ್ಕೊರಗಿ ಹೇಳಿದಳು:

"ನಿಮ್ಮನ್ನ ನೋಡಿದ್ರೆ ಸಾಕು ರೀ, ಎದೆ ಡವಡವ ಅನ್ನುತ್ತೆ. ಕಾಲೇ ನಿಲ್ಲಲ್ಲ. ಇದನ್ನೇ ಪ್ರೀತಿ ಅಂತಾರೇನೋ."

ನನಗೆ ಸ್ವರ್ಗಕ್ಕೆ ಮೂರೇ ಗೇಣು. ತಡಮಾಡದೆ ಮದುವೆಯ ಮಾತು ತೆಗೆದೆ. "ಹೂಂ" ಎಂದವಳೇ ಕುಸಿದು ಬಿದ್ದಳು. ನಾಚಿಕೆ ಎಂದುಕೊಂಡೆ. ಏಳಲಿಲ್ಲ.

ಕ್ಲಿನಿಕ್‌ನಲ್ಲಿ ಡಾಕ್ಟರ್ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ರಕ್ತಾನೇ ಇಲ್ವಲ್ಲಮ್ಮ! ಮುಟ್ಟಲ್ಲಿ ತುಂಬಾ ಹೋಗುತ್ತಾ?"

"ವರ್ಷಗಟ್ಟಲೆಯಿಂದ. ಕಬ್ಬಿಣದ ಮಾತ್ರೆ ನುಂಗಿದ್ರೆ ಹೊಟ್ಟೆಗೆ ಆಗಲ್ಲ."

"ಊಟ ಬಿಟ್ಟು ಐಸ್ ತಿಂತಾರೆ ಡಾಕ್ಟ್ರೇ," ಎಂದು ನಾನು ಚಾಡಿ ಹೇಳಿದೆ.

"ಕಬ್ಬಿಣ ಕಮ್ಮಿ ಆದ್ರೆ ಹಾಗೇ ರೀ. ಐಸ್ ಬೇಕು ಅನ್ಸುತ್ತೆ, ಎದೆ ಹೊಡ್ಕೊಳ್ಳುತ್ತೆ."

ಎರಡನೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ. ಬೀಳಿಸಿಕೊಳ್ಳಲಿಲ್ಲ.

ರಕ್ತ ಪರೀಕ್ಷೆಯಾದ ಮೇಲೆ ಡ್ರಿಪ್ ಹಾಕಿದರು. ಕಡು ಟೀ ಬಣ್ಣದ ಕಬ್ಬಿಣ ಹನಿಹನಿಯಾಗಿ ನರಕ್ಕಿಳಿಯಿತು. "ಕೈ ಅಲ್ಲಾಡಿಸ್ಬೇಡಿ, ಹೊರಗೆ ಸೋರಿದ್ರೆ ಚರ್ಮದಲ್ಲಿ ಕಲೆ ಉಳಿಯುತ್ತೆ," ಎಂದಳು ನರ್ಸ್. ಆ ಕೈ ಹಿಡಿದು ಕೂತೆ. ಅರ್ಧ ಇಳಿಯುವಷ್ಟರಲ್ಲಿ ಟ್ರೇಯಲ್ಲಿದ್ದ ಕತ್ತರಿ ತಾನಾಗಿ ಅವಳತ್ತ ತಿರುಗಿತು. ಬೇಕಿದ್ದರೆ ನರ್ಸನ್ನು ಕೇಳಿ.

ಮೊದಲು ಐಸಿನ ಆಸೆ ಹೋಯಿತು. ಕೆಲವು ವಾರಗಳಲ್ಲಿ ಕೆನ್ನೆಗೆ ಬಣ್ಣ ಬಂತು. ಒಂದು ಸಂಜೆ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದಳು. ಕಂಬ ಹಿಡಿಯಲಿಲ್ಲ. ನನ್ನನ್ನು ನೋಡಿದಳು, ಕಣ್ಣು ಪೂರ್ತಿ ತೆರೆದು. ಆ ಕಣ್ಣು ಅಷ್ಟು ದೊಡ್ಡದಿತ್ತೆಂದು ಅವತ್ತೇ ನನಗೆ ಗೊತ್ತಾದದ್ದು.

"ಏನನ್ನುತ್ತೆ ಎದೆ?" ಎಂದೆ.

ಎದೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಆಲಿಸಿದಳು. ಕಣ್ಣು ತುಂಬಿತು.

"ಸುಮ್ನಿದೆ. ಅದು ನೀವಲ್ಲ ಅನ್ಸುತ್ತೆ, ಐಸಣ್ಣ. ಮೆಟ್ಟಿಲು."

"ಸ್ವಲ್ಪ ಐಸಾದ್ರೂ ತಗೊಂಡು ಹೋಗಿ."

"ಬೇಡ. ಹಲ್ಲು ಜುಮ್ ಅನ್ನುತ್ತೆ."

ಮಾರನೆಯ ದಿನ ಡಾಕ್ಟರ ಬಳಿ ಹೋಗಿ, ಹಾಕಿದ ಕಬ್ಬಿಣದಲ್ಲಿ ಸ್ವಲ್ಪ ವಾಪಸ್ ತೆಗೆಯಲು ಆಗುತ್ತದೆಯೇ ಎಂದು ಕೇಳಿದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ನಿನ್ನೆ ನೀವೂ ಅಂದಿರಲ್ಲ ಮೇಡಂ, ನನ್ನನ್ನು ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದು. ಸುಮ್ಮನಿದ್ದುಬಿಡೋಣ ಎಂದುಕೊಂಡೆ. ಆದರೆ ನೀವೂ ಕಟಕಟ ಅಗಿಯುತ್ತಿದ್ದೀರಿ. ಮೊದಲು ಕ್ಲಿನಿಕ್‌ಗೆ ಹೋಗಿ ಬನ್ನಿ. ಆಮೇಲೂ ಹಾಗೇ ಹೊಡೆದುಕೊಂಡರೆ ನಾನು ಇಲ್ಲೇ... ಮೇಡಂ, ಐಸ್ ಬಿಟ್ಟು ಹೊರಟಿರಲ್ಲ! ನಿಧಾನ, ಆ ಕಂಬ ಹಿಡ್ಕೊಂಡು ಇಳೀರಿ.