ಗೋಡೆಗೆ ಕಲಿಸಿದ ಹದಿನಾಲ್ಕು ದಿನ

ಡಾ. ಅಮೀನಾ ಸವಣೂರ ಗೋಡೆಯ ಮೂಲೆಯಲ್ಲಿದ್ದ ಗುಂಡಿ ಒತ್ತಿದರು. ಪಕ್ಕದ ಫ್ಲ್ಯಾಟಿನಲ್ಲಿ ಕುರ್ಚಿ ಎಳೆಯುವ ಸದ್ದು, ಕುಣಿತದ ತಾಲೀಮಿನ ಹೆಜ್ಜೆ, ನಾಲ್ಕು ಹುಡುಗಿಯರ ನಗು, ಎಲ್ಲ ಒಮ್ಮೆಲೇ ನಿಂತುಹೋದವು. ಮಂದಾಕಿನಿ ಇಟಗಿಗೆ ತನ್ನ ಉಸಿರು ತನಗೇ ಕೇಳಿಸಿತು. ಬೆಳಗಿನ ಹನ್ನೊಂದು ಗಂಟೆಗೆ ತನ್ನ ಮನೆ ಇಷ್ಟು ಶಾಂತವಾಗಿ ಇದ್ದದ್ದು ಮೂರು ವರ್ಷಗಳಲ್ಲಿ ಇದೇ ಮೊದಲು.

"ಅವರು ಸುಮ್ಮನಾದ್ರೇನ್ರೀ ಮೇಡಮ್ಮಾರ?"

"ಇಲ್ಲ, ಕುಣೀಲಿಕ್ಕೇ ಹತ್ಯಾರ. ಗೋಡೆ ಸದ್ದು ನಿಮ್ಮ ಕಡೆ ಬಿಡವಲ್ದು ಅಷ್ಟ."

೨೦೬೩ರ ಧಾರವಾಡ. ಸಪ್ತಾಪುರದ ಆ ಒಂಬತ್ತು ಅಂತಸ್ತಿನ ಕಟ್ಟಡದಲ್ಲಿ ಅರ್ಧಕ್ಕರ್ಧ ವಿದ್ಯಾರ್ಥಿಗಳೇ. ಮಂದಾಕಿನಿ ಆಸ್ಪತ್ರೆಯ ಎದೆರೋಗ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ನರ್ಸು. ಯಾವಾಗಲೂ ರಾತ್ರಿ ಪಾಳಿ, ಹೀಗಾಗಿ ಹಗಲೇ ನಿದ್ದೆ. ಊರೆಲ್ಲ ಎಚ್ಚರಿರುವ ಹೊತ್ತಿನಲ್ಲಿ ಗದ್ದಲ ಮಾಡಬೇಡಿ ಎಂದು ಯಾವ ಬಾಯಿಂದ ಹೇಳುವುದು? ಸಿಟ್ಟು ನೆತ್ತಿಗೇರಿದಾಗ ಲಟ್ಟಣಿಗೆಯಿಂದ ಗೋಡೆ ಬಡಿಯುತ್ತಿದ್ದಳು. ನಿದ್ದೆಗೆಟ್ಟ ಕಣ್ಣಿನಿಂದ ಒಮ್ಮೆ ರೋಗಿಯೊಬ್ಬರ ಔಷಧಿ ಚೀಟಿಯನ್ನು ತಪ್ಪಾಗಿ ಓದಿ, ಕೊನೆ ಗಳಿಗೆಯಲ್ಲಿ ಎಚ್ಚೆತ್ತಿದ್ದಳು. ಅಂದೇ, ಸದ್ದು ತಡೆಯುವ ಹಾಳೆಯನ್ನು ಮನೆಮನೆಯಲ್ಲಿ ಪರೀಕ್ಷಿಸುತ್ತಿದ್ದ ವಿಜ್ಞಾನಿ ಅಮೀನಾರ ಪ್ರಯೋಗಕ್ಕೆ ತನ್ನ ಹೆಸರು ಕೊಟ್ಟಳು.

ಅಮೀನಾರ 'ಶಾಂತಿ ಹಾಳೆ' ನೋಡಲು ಗೋಡೆಗೆ ಅಂಟಿಸಿದ ಸಾದಾ ಕಾಗದದಂತಿತ್ತು. ಒಳಗೆ ಸಾಸಿವೆಗಿಂತ ಸಣ್ಣ ಹರಳುಗಳು, ಲಕ್ಷಗಟ್ಟಲೆ. ಪ್ರತಿ ಹರಳೂ ಒಂದು ಕಿವಿ, ಒಂದು ಬಾಯಿ. ಸದ್ದು ಎಂದರೆ ಗಾಳಿಯಲ್ಲಿ ಏಳುವ ತೆರೆ. ಹರಳು ಆ ತೆರೆಯನ್ನು ಗುರುತಿಸಿ, ಅದು ಎದ್ದಲ್ಲಿ ತಗ್ಗಿರುವ, ತಗ್ಗಿದಲ್ಲಿ ಎದ್ದಿರುವ ಇನ್ನೊಂದು ತೆರೆಯನ್ನು ಹೊರಡಿಸುತ್ತದೆ. ಎರಡೂ ಕೂಡಿದಾಗ ಸೊನ್ನೆ.

ಆದರೆ ಎಲ್ಲ ಸದ್ದನ್ನೂ ನುಂಗಲು ಕಾನೂನು ಒಪ್ಪುವುದಿಲ್ಲ. ಬೆಂಕಿಯ ಗಂಟೆ, ಸಹಾಯಕ್ಕೆ ಕೂಗುವ ದನಿ ಒಳಗೆ ಬರಲೇಬೇಕು. ಉಳಿದವುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಹಾಳೆಗೆ ಮನೆಯವರೇ ಕಲಿಸಬೇಕಿತ್ತು. ಹದಿನಾಲ್ಕು ದಿನ, ದಿನಕ್ಕೆ ಒಂದು ಗಂಟೆ; ಅಲ್ಲಿಯತನಕ ಹಾಳೆ ಕಲಿಯುತ್ತದೆಯೇ ಹೊರತು ಸದ್ದು ನುಂಗುವುದಿಲ್ಲ.

"ಬರೇ ಕೂತು ಕೇಳ್ರಿ. ಬ್ಯಾಡನಿಸಿದ ಸದ್ದಿಗೆ ಕೆಂಪು ಗುಂಡಿ ಒತ್ರಿ," ಎಂದು ಹೇಳಿ, ತೋರಿಸಲೆಂದು ಹಚ್ಚಿದ್ದ ಹಾಳೆಯನ್ನು ಆರಿಸಿ ಅಮೀನಾ ಹೊರಟರು.

ಮೊದಲ ದಿನ ಮಂದಾಕಿನಿಯ ಬೆರಳು ಕೆಂಪು ಗುಂಡಿಯಿಂದ ಏಳಲೇ ಇಲ್ಲ. ಕುರ್ಚಿ, ಬೇಡ. ಮಿಕ್ಸರ್, ಬೇಡ. ನಗು, ಅದಂತೂ ಬೇಡವೇ ಬೇಡ. ನಾಲ್ಕನೆಯ ದಿನದ ಹೊತ್ತಿಗೆ ದನಿಗಳು ಬೇರೆ ಬೇರೆಯಾಗತೊಡಗಿದವು. ಒಬ್ಬಳು ಪಾಠವನ್ನು ಜೋರಾಗಿ ಓದುತ್ತಾಳೆ. ಇನ್ನೊಬ್ಬಳು ಫೋನಿನಲ್ಲಿ ಅವ್ವನಿಗೆ ದಿನವೂ ಊಟ ಆಯಿತೆಂದು ಸುಳ್ಳು ಹೇಳುತ್ತಾಳೆ, ಆಮೇಲೆ ಬಿಸ್ಕಿಟಿನ ಪೊಟ್ಟಣ ಹರಿಯುವ ಸದ್ದು. ಮಂದಾಕಿನಿಗೆ ನಗು ಬಂತು.

ಒಂಬತ್ತನೆಯ ದಿನ ಒಂದು ಕೆಮ್ಮು ಕೇಳಿಸಿತು. ಬೆರಳು ಗುಂಡಿಯ ಮೇಲೆಯೇ ಇತ್ತು, ಒತ್ತಲಿಲ್ಲ. ಒಣ ಕೆಮ್ಮು. ಅರ್ಧಕ್ಕೆ ಹಿಡಿದುಕೊಂಡು, ನೋವಿಗೆ ಹೆದರಿ ನಿಲ್ಲಿಸಿದ ಹಾಗೆ. ಇಂಥ ಕೆಮ್ಮನ್ನು ಅವಳು ವಾರ್ಡಿನಲ್ಲಿ ನೂರಾರು ಸಲ ಕೇಳಿದ್ದಳು. ಸ್ಟೆತೋಸ್ಕೋಪು ತೆಗೆದುಕೊಂಡು ಹೋಗಿ ಪಕ್ಕದ ಬಾಗಿಲು ತಟ್ಟಿದಳು.

ಬಾಗಿಲು ತೆರೆದವಳು ತುಂಗವ್ವ. ಅಜ್ಜಿಯರ ಹೆಸರುಗಳು ಮತ್ತೆ ಫ್ಯಾಶನ್ನಾಗಿದ್ದ ಕಾಲ ಅದು. "ಗದ್ದಲ ಭಾಳ ಆತೇನ್ರೀ ಅಕ್ಕಾರ?" ಎಂದು ಅಳುಕುತ್ತ ಕೇಳಿದಳು.

"ಗದ್ದಲದ ಮಾತು ಆಮ್ಯಾಲೆ. ಕೆಮ್ಮಾಕಿ ಯಾರವಾ?"

ಗೋಡೆಗೆ ಆತು ಕೂತಿದ್ದ ತೆಳ್ಳಗಿನ ಹುಡುಗಿ ಕೈ ಎತ್ತಿದಳು. ಹೆಸರು ನೀಲವ್ವ.

"ಎಷ್ಟ ದಿನದಿಂದ ಐತಿ?"

"ಇಪ್ಪತ್ತ ದಿನ ಆಗಿರಬೇಕ್ರಿ. ಪರೀಕ್ಷಾ ಮುಗದ ಮ್ಯಾಲೆ ತೋರಸೋಣಂತ..."

ಮಂದಾಕಿನಿ ಅವಳ ಬೆನ್ನಿಗೆ ಸ್ಟೆತೋಸ್ಕೋಪು ಇಟ್ಟಳು. ಎಡಗಡೆ ಉಸಿರು ಸರಾಗ ಬಂದುಹೋಗುತ್ತಿತ್ತು. ಬಲಗಡೆ ಕೆಳಗೆ ಏನೂ ಇಲ್ಲ. ಎಷ್ಟು ಕಿವಿಗೊಟ್ಟರೂ ಏನೂ ಇಲ್ಲ. ಎಷ್ಟೋ ದಿನಗಳಿಂದ ನಿಶ್ಶಬ್ದಕ್ಕೆ ಹಂಬಲಿಸಿದ್ದವಳು ಆ ನಿಶ್ಶಬ್ದ ಕೇಳಿದ್ದೇ ತಡ ಎದ್ದು ನಿಂತಳು.

"ಚಪ್ಪಲ್ ಹಾಕ್ಕೊ. ಈಗ ಹೋಗೂಣು."

ಶ್ವಾಸಕೋಶದ ಸುತ್ತ ಒಂದೂವರೆ ಲೀಟರು ನೀರು ತುಂಬಿತ್ತು. ಕ್ಷಯದ ಸೋಂಕು. ಅಂದೇ ನೀರು ತೆಗೆದರು, ಮಾತ್ರೆ ಶುರುವಾಯಿತು. ಇನ್ನೆರಡು ವಾರ ಬಿಟ್ಟಿದ್ದರೆ ಆ ಬದಿಯ ಶ್ವಾಸಕೋಶ ಮತ್ತೆ ಅರಳುತ್ತಿತ್ತೋ ಇಲ್ಲವೋ ಎಂದರು ವೈದ್ಯರು. ಉಳಿದ ಮೂವರಿಗೂ ತಪಾಸಣೆಯಾಯಿತು, ಅವರಿಗೇನೂ ಇರಲಿಲ್ಲ.

ವಾರ್ಡಿನ ಹೊರಗೆ ಬೆಂಚಿನ ಮೇಲೆ ತುಂಗವ್ವ ಕೇಳಿದಳು, "ಅಕ್ಕಾರ, ನೀವು ದಿನಾ ಮಧ್ಯಾಹ್ನ ಏನು ಕುಟ್ಟತೀರಿ? ಚಟ್ನಿಪುಡಿ ವ್ಯಾಪಾರ ಇರಬೇಕಂತ ನಾವು ಮಾತಾಡ್ಕೊತಿದ್ವಿ."

"ನಿಮಗ ಸುಮ್ಮನಿರ್ರೀ ಅಂತ ಕುಟ್ಟತಿದ್ನೆವಾ. ಹಗಲೊತ್ತು ಮಲಗಾಕಿ ನಾನು."

"ನಮಗ ಗೊತ್ತೇ ಇರಲಿಲ್ರಿ," ಎಂದಳು ತುಂಗವ್ವ. ಆ ವಾರದಿಂದ ಕುಣಿತದ ತಾಲೀಮು ಸಂಜೆ ಐದರ ಮೇಲೆ. ಕುರ್ಚಿಗಳ ಕಾಲಿಗೆ ಹಳೆಯ ಕಾಲುಚೀಲ ಬಂದವು.

ಹದಿನಾಲ್ಕು ದಿನ ಮುಗಿದಾಗ ಅಮೀನಾ ಬಂದರು. ಮಂದಾಕಿನಿ ಚಹಾ ಕೊಟ್ಟು, ಹಾಳೆ ತನಗೆ ಬೇಡವೆಂದು ಸಂಕೋಚದಿಂದಲೇ ಹೇಳಿದಳು. ಅಮೀನಾರಿಗೆ ಆಶ್ಚರ್ಯವಾಗಲಿಲ್ಲ.

"ಅರವತ್ತು ಮನೀಗೆ ಹಚ್ಚಿದ್ದೆ. ಮೂವತ್ತೇಳು ಮಂದಿ ವಾಪಸ್ ಕೊಟ್ಟಾರ. ಕೇಳಿ ಕೇಳಿ, ಎದ್ದು ಹೋಗಿ ಪಕ್ಕದ ಮನಿ ಬಾಗಲಾ ತಟ್ಟಿದವರ ಅವರು. ಉಳದವರಿಗೆ ಹಾಳೆ ಖರೇನ ಬೇಕಾಗೇತಿ, ಅವರು ಇಟ್ಕೊಳ್ಳಲಿ. ಹಾಳೆ ಮಾರೂ ಕಂಪನಿಯವರು ಮಾತ್ರ, ಕಲಿಸೋದು ತಗದುಬಿಡ್ರಿ, ಹಾಳೆ ತಾನ ಕಲಿಯೂ ಹಂಗ ಮಾಡ್ರಿ ಅಂತಾರ. ನಾನು ಒಪ್ಪಿಲ್ಲ."

ಗೋಡೆಯಾಚೆ ಯಾರೋ ಪಾಠ ಓದುತ್ತಿದ್ದರು. ಮಂದಾಕಿನಿ ಅತ್ತ ಕಿವಿಗೊಟ್ಟಳು.

"ಮೇಡಮ್ಮಾರ, ಒಂದ್ ತಾಸು ಕೂತು ಕೇಳಾಕ ಹಾಳೆ ಯಾಕ ಬೇಕಿತ್ತು? ಗೋಡೆ ಮೊದಲೂ ಇತ್ತು, ಕಿವಿ ಮೊದಲೂ ಇದ್ವು. ನಲವತ್ತ ವರ್ಷದ ಹಿಂದಿನ ಮಂದೀನೂ ಇದನ್ನ ಮಾಡಬಹುದಿತ್ತಲ್ರಿ."

"ಮಾಡಬಹುದಿತ್ತು," ಎಂದರು ಅಮೀನಾ. "ಅವರಿಗೆ ಯಾರಾದರೂ ಹೇಳಬೇಕಿತ್ತು."